ಅನಿಮೆಯ ಪ್ರಭಾವವೂ ಪಾತ್ರಧಾರಣೆಯ ಆಟಗಳ ಚಿತ್ರಶೈಲಿಯೂ

೧. ವಿಷಯ

ಸಾಹಿತ್ಯವಿಮರ್ಶೆಯಲ್ಲಾಗಲಿ ಕಲಾವಿಮರ್ಶೆಯಲ್ಲಾಗಲಿ 'ಪ್ರಭಾವ' ಎಂಬ ಶಬ್ದದಷ್ಟು ಸುಲಭವಾಗಿ ಪ್ರಯೋಗವಾಗುವ ಶಬ್ದ ಮತ್ತೊಂದಿಲ್ಲ. ಎರಡು ಕೃತಿಗಳಲ್ಲಿ ಏನಾದರೊಂದು ಹೋಲಿಕೆ ಕಂಡಿತೆಂದರೆ, ಹಿಂದಿನದು ಮುಂದಿನದರ ಮೇಲೆ ಪ್ರಭಾವವನ್ನು ಬೀರಿತೆಂದು ಹೇಳಿಬಿಡುವುದು ವಾಡಿಕೆಯಾಗಿದೆ. ಇದರಿಂದ ಒಬ್ಬನ ಶ್ರಮದ ಫಲವು ಮತ್ತೊಬ್ಬನ ಲೆಕ್ಕಕ್ಕೆ ಸೇರಿಹೋಗುವುದೂ, ನಿಜವಾಗಿ ಸಾಲವನ್ನು ಕೊಟ್ಟವನ ಹೆಸರು ಮರೆಯಾಗುವುದೂ ಉಂಟು. ಆದುದರಿಂದ ಪ್ರಭಾವವನ್ನು ಹೇಳುವವನು ಅದಕ್ಕೆ ಪ್ರಮಾಣವನ್ನೂ ಹೇಳಲು ಬದ್ಧನಾಗಿದ್ದಾನೆ. ಆ ಪ್ರಮಾಣವು ಎಂತಹುದಾಗಿರಬೇಕೆಂಬುದನ್ನು ಪರೀಕ್ಷಿಸುವುದಕ್ಕೆ ತಕ್ಕ ನಿದರ್ಶನವೊಂದು ಇತ್ತೀಚಿನ ಕಲಾಚರಿತ್ರೆಯಲ್ಲಿ ದೊರೆಯುತ್ತದೆ. ಅಮೆರಿಕೆಯಲ್ಲಿ ಹುಟ್ಟಿದ ಅದ್ಭುತರಸಪ್ರಧಾನವಾದ ಪಾತ್ರಧಾರಣೆಯ ಆಟಗಳ ಚಿತ್ರಶೈಲಿಯು ಜಪಾನಿನ ಅನಿಮೆಯಿಂದ ಮಾರ್ಪಟ್ಟಿತೇ ಇಲ್ಲವೇ ಎಂಬುದೇ ಆ ಪ್ರಶ್ನೆ.

ಮೊದಲು ಪದಾರ್ಥಗಳನ್ನು ನಿರ್ದೇಶಿಸಬೇಕು. ರೋಲ್‌ಪ್ಲೇಯಿಂಗ್ ಗೇಮ್ ಎಂದು ಹೆಸರಾದುದನ್ನೇ ಇಲ್ಲಿ ಪಾತ್ರಧಾರಣೆಯ ಆಟವೆಂದು ಕರೆಯಲಾಗಿದೆ. ನಾಲ್ಕಾರು ಮಂದಿ ಒಂದೆಡೆ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ, ಮಾತಿನಿಂದಲೇ ಕಥೆಯನ್ನು ನಡೆಯಿಸುವರು. ಅವರಲ್ಲಿ ಒಬ್ಬನು ಸೂತ್ರಧಾರನಾಗಿ ದೇಶಕಾಲಗಳನ್ನೂ ಎದುರಾಳಿಗಳನ್ನೂ ವರ್ಣಿಸುವನು. ಫಲಾಫಲಗಳು ದಾಳಗಳಿಂದ ನಿರ್ಣಯವಾಗುವುವು. ಗೇರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿ ೧೯೭೪ರಲ್ಲಿ ಪ್ರಕಟಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬುದು ಈ ವರ್ಗದ ಮೊದಲನೆಯ ಆಟ. ಅದರ ಮೊದಲ ಮುದ್ರಣದ ಪ್ರತಿಗಳು ೧೦೦೦ ಮಾತ್ರ. ಆಟವು ಮಾತಿನದಾದರೂ ನಿಯಮಗ್ರಂಥಗಳಲ್ಲಿ ಅಚ್ಚಾದ ಚಿತ್ರಗಳಿಗೆ ದೊಡ್ಡ ಅಧಿಕಾರವುಂಟು. ಎಲ್ಫ್ ಎಂಬ ವನದೇವತಾಸದೃಶ ಜಾತಿಯವರ ಕಿವಿ ಎಷ್ಟು ಉದ್ದ, ವೀರನ ಕತ್ತಿ ಎಷ್ಟು ಅಗಲ ಎಂಬುದನ್ನು ಆಡುವವರು ಕಲ್ಪಿಸಿಕೊಳ್ಳುವುದು ಹೆಚ್ಚಾಗಿ ಆ ಚಿತ್ರಗಳಿಂದಲೇ. ಈ ಆಟಗಳ ಕ್ರಮವನ್ನು ಅನುಸರಿಸಿ ಗಣಕಯಂತ್ರಗಳಲ್ಲಿ ಆಡತಕ್ಕ ಆಟಗಳೂ ಬೇಗನೆ ಹುಟ್ಟಿಕೊಂಡುವು. ಅವೂ ಈ ವಿಚಾರದೊಳಗೆ ಸೇರುವುವು.

ಅನಿಮೆಯೆಂದರೆ ಜಪಾನಿನಲ್ಲಿ ರಚಿತವಾದ, ಬರೆದ ಚಿತ್ರಗಳು ಚಲಿಸುವಂತೆ ತೋರುವ ಚಲನಚಿತ್ರ. ಮಾಂಗಾ ಎಂಬ ಮುದ್ರಿತ ಚಿತ್ರಕಥೆಯು ಇದರ ಒಡಹುಟ್ಟು. ಅನಿಮೆಯ ಶೈಲಿಯೆಂದು ಸಾಮಾನ್ಯವಾಗಿ ಹೇಳುವಾಗ ಮಾಂಗಾದ ಶೈಲಿಯೂ ಅದರಲ್ಲಿ ಅಡಗಿರುತ್ತದೆಯಾದುದರಿಂದ ಇಲ್ಲಿಯೂ ಹಾಗೆಯೇ ಗ್ರಹಿಸಲಾಗಿದೆ.

೨. ಸಂಶಯ

ಈ ಆಟಗಳನ್ನು ಬಲ್ಲವರಲ್ಲಿ ಎರಡು ಪಕ್ಷಗಳಿವೆ. ೧೯೮೦ರ ದಶಕದ ಗ್ರಂಥಗಳನ್ನೂ ೨೦೦೦ದ ಈಚಿನ ಗ್ರಂಥಗಳನ್ನೂ ಪಕ್ಕದಲ್ಲಿಟ್ಟು ನೋಡಿದವರಿಗೆ ಶೈಲಿಯು ಬದಲಾಗಿರುವುದು ಸ್ಪಷ್ಟವಾಗಿ ಕಾಣುತ್ತದೆ. ಅದಕ್ಕೆ ಅನಿಮೆಯೇ ಕಾರಣವೆಂದು ಒಂದು ಪಕ್ಷ. ಅನಿಮೆಗೂ ಇದಕ್ಕೂ ಸಂಬಂಧವೇ ಇಲ್ಲವೆಂದು ಇನ್ನೊಂದು ಪಕ್ಷ. 'ಅನಿಮೆಯಂತಿದೆ' ಎಂಬ ಮಾತು ಹಳೆಯ ಆಟಗಾರರ ಬಾಯಲ್ಲಿ ನಿಂದೆಯಾಗಿಯೂ ಹೊಸಬರ ಬಾಯಲ್ಲಿ ಪ್ರಶಂಸೆಯಾಗಿಯೂ ಪರಿಣಮಿಸಿದೆ. ನಿಂದಾಸ್ತುತಿಗಳೆರಡೂ ಶಾಸ್ತ್ರವಿಚಾರಕ್ಕೆ ಸಾಧಕಗಳಲ್ಲ. ಆದರೂ ಈ ವಿವಾದದಲ್ಲಿ ಚಿತ್ರಕಾರರ ಮಾನವು ಸೇರಿಕೊಂಡಿರುವುದರಿಂದ ನಿರ್ಣಯವು ಆವಶ್ಯಕವಾಗಿದೆ. ಒಂದು ಕಡೆಯಲ್ಲಿ ಅಮೆರಿಕೆ ಮತ್ತು ಬ್ರಿಟನ್ನಿನ ಚಿತ್ರಕಾರರ ಸ್ವತಂತ್ರ ಕಲ್ಪನೆಯನ್ನು ಅನುಕರಣವೆಂದು ತಳ್ಳಿಹಾಕುವ ಭಯವುಂಟು. ಇನ್ನೊಂದು ಕಡೆಯಲ್ಲಿ ಜಪಾನಿನ ಚಿತ್ರಕಾರರಿಗೆ ಸಲ್ಲಬೇಕಾದ ಋಣವನ್ನು ಅಲ್ಲಗಳೆಯುವ ಭಯವುಂಟು.

೩. ಪೂರ್ವಪಕ್ಷ

ಪ್ರಭಾವವನ್ನು ಸ್ಥಾಪಿಸುವವರ ವಾದವು ಹೀಗಿದೆ. ೧೯೮೦ರ ದಶಕದಲ್ಲಿ ಲ್ಯಾರಿ ಎಲ್ಮೋರ್, ಜೆಫ್ ಈಸ್ಲಿ, ಕ್ಲೈಡ್ ಕಾಲ್ಡ್‌ವೆಲ್, ಕೀತ್ ಪಾರ್ಕಿನ್‌ಸನ್ ಮುಂತಾದವರು ಬರೆದ ಚಿತ್ರಗಳು ತೈಲವರ್ಣದವು, ನಿಸರ್ಗಾನುಸಾರಿಯಾದವು. ಅವುಗಳಲ್ಲಿ ವೀರರ ದೇಹಗಳು ತೂಕವುಳ್ಳವು. ಕವಚಗಳು ಮಧ್ಯಯುಗದ ಯೂರೋಪಿನವನ್ನು ಹೋಲತಕ್ಕವು. ಹಿನ್ನೆಲೆಯ ಬೆಟ್ಟಗಳೂ ಮಂಜೂ ಭೂದೃಶ್ಯಚಿತ್ರಗಳ ಸಂಪ್ರದಾಯದವು. ೨೦೦೦ದಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂರನೆಯ ಆವೃತ್ತಿ ಬಂದಾಗ ಇವೆಲ್ಲವೂ ಬದಲಾದುವು. ದೇಹಗಳು ತೆಳ್ಳಗಾದುವು. ಸ್ಥೂಲಕಾಯರಾಗಿದ್ದ ಹಾಫ್‌ಲಿಂಗ್ ಎಂಬ ಕುಬ್ಜರು ಸಪೂರವಾದ ಚುರುಕಿನ ಜನರಾದರು. ಉಡುಪುಗಳಲ್ಲಿ ತೊಗಲಿನ ಪಟ್ಟಿಗಳೂ ಕೊಂಡಿಗಳೂ ಹೆಚ್ಚಿದುವು. ಭಂಗಿಗಳು ನಿಂತವುಗಳಾಗಿರದೆ ನೆಗೆಯುವ, ತಿರುಗುವ ಭಂಗಿಗಳಾದುವು. ಆಯುಧಗಳು ಮಿತಿಮೀರಿ ಬೆಳೆದುವು.

ಈ ಮಾರ್ಪಾಟಿಗೆ ಸ್ವಲ್ಪ ಮುಂಚೆಯೇ ಅನಿಮೆಯು ಅಮೆರಿಕೆಯಲ್ಲಿ ಮನೆಮಾತಾಗಿತ್ತು. ೧೯೯೭ರಲ್ಲಿ ಟೂನಾಮಿ ಎಂಬ ದೂರದರ್ಶನದ ಕಾರ್ಯಕ್ರಮವೂ, ೧೯೯೮ರಲ್ಲಿ ಪೋಕೆಮಾನ್ ಕಥೆಗಳೂ ಆ ದೇಶದ ಮಕ್ಕಳ ಮುಂದೆ ಬಂದುವು. ೧೯೯೭ರಲ್ಲಿಯೇ 'ಫೈನಲ್ ಫ್ಯಾಂಟಸಿ'ಯ ಏಳನೆಯ ಆಟವು ಟೆಟ್ಸುಯಾ ನೊಮುರಾ ಕಲ್ಪಿಸಿದ, ಆಳೆತ್ತರದ ಕತ್ತಿಯನ್ನು ಹೊತ್ತ ನಾಯಕನೊಡನೆ ಲೋಕವಿಖ್ಯಾತವಾಯಿತು. ಹೀಗೆ ಕಾರಣವು ಮೊದಲು, ಕಾರ್ಯವು ಅನಂತರ; ನಡುವೆ ಹೋಲಿಕೆಯೂ ಇದೆ; ಆದುದರಿಂದ ಪ್ರಭಾವವು ಸಿದ್ಧವೆಂದು ಇವರ ಮತ.

೪. ಪರೀಕ್ಷೆಯ ಕ್ರಮ

ಈ ವಾದವು ಮೇಲುನೋಟಕ್ಕೆ ಬಲವಾಗಿ ತೋರಿದರೂ ಅದರಲ್ಲಿ ಒಂದು ಕೊರತೆಯಿದೆ. ಮುಂಚೆ ಇದ್ದ ಮಾತ್ರಕ್ಕೆ ಯಾವುದೂ ಕಾರಣವಾಗುವುದಿಲ್ಲ. ಕುಂಬಾರನ ಮನೆಗೆ ಮಣ್ಣನ್ನು ಹೊತ್ತುತಂದ ಕತ್ತೆಯೂ ಗಡಿಗೆ ಹುಟ್ಟುವುದಕ್ಕೆ ಮುಂಚೆ ಅಲ್ಲಿತ್ತು. ಆದರೂ ನೈಯಾಯಿಕರು ಅದನ್ನು ಗಡಿಗೆಗೆ ಕಾರಣವೆಂದು ಒಪ್ಪದೆ ಅನ್ಯಥಾಸಿದ್ಧವೆಂದರು. ಕತ್ತೆಯಿಲ್ಲದೆಯೂ ಮಣ್ಣು ಬರಬಹುದಾಗಿತ್ತೆಂಬುದೇ ಅದಕ್ಕೆ ಕಾರಣ. ಹಾಗೆಯೇ ಪ್ರಭಾವದ ವಿಷಯದಲ್ಲಿಯೂ ನಾಲ್ಕು ಅಂಶಗಳನ್ನು ನೋಡಬೇಕಾಗುತ್ತದೆ. ಒಂದನೆಯದು ಪೌರ್ವಾಪರ್ಯ: ಕೊಟ್ಟದ್ದು ಪಡೆದುದಕ್ಕಿಂತ ಹಿಂದಿನದಾಗಿರಬೇಕು. ಎರಡನೆಯದು ಸಂಪರ್ಕ: ಪಡೆದವನು ಅದನ್ನು ಕಂಡಿರಲು ಮಾರ್ಗವಿರಬೇಕು. ಮೂರನೆಯದು ಅಸಾಧಾರಣಸಾದೃಶ್ಯ: ಹೋಲಿಕೆಯು ಬೇರೆಲ್ಲಿಯೂ ದೊರೆಯದ, ಬೇರೆ ಕಾರಣದಿಂದ ಹುಟ್ಟಲಾರದ ಲಕ್ಷಣದಲ್ಲಿರಬೇಕು. ನಾಲ್ಕನೆಯದು ಅಂಗೀಕಾರ: ಪಡೆದವನೇ ಅದನ್ನು ಒಪ್ಪಿದ್ದರೆ ಸಂಶಯಕ್ಕೆ ಎಡೆಯಿರುವುದಿಲ್ಲ. ಮೊದಲೆರಡರಿಂದ ಸಂಭವವು ಮಾತ್ರ ಸಿದ್ಧಿಸುವುದು. ಮೂರನೆಯದು ಅಥವಾ ನಾಲ್ಕನೆಯದು ಕೂಡಿದಾಗಲೇ ನಿಶ್ಚಯವು.

ಇದಲ್ಲದೆ ಚಿತ್ರಶೈಲಿಯೆಂಬುದು ಏಕರೂಪವಾದ ವಸ್ತುವಲ್ಲ. ಅದರಲ್ಲಿ ಮೂರು ಪದರಗಳನ್ನು ಬಿಡಿಸಬಹುದು. ಚಿತ್ರದಲ್ಲಿ ಏನನ್ನು ಬರೆದಿದೆಯೆಂಬುದು ವಸ್ತು. ದೇಹ, ಮುಖ, ಉಡುಪು, ಆಯುಧಗಳ ಅಳತೆಯೂ ಆಕಾರವೂ ಪ್ರಮಾಣ. ಗೆರೆ, ಬಣ್ಣ, ನೆರಳುಗಳನ್ನು ಹೇಗೆ ಇಟ್ಟಿದೆಯೆಂಬುದು ವರ್ತನಾಕ್ರಮ. ಒಂದು ಪದರವನ್ನು ಪಡೆದವನು ಮತ್ತೊಂದನ್ನು ಪಡೆಯಲೇಬೇಕೆಂಬ ನಿಯಮವಿಲ್ಲ. ೧೯೮೫ರಲ್ಲಿ ಪ್ರಕಟವಾದ 'ಓರಿಯೆಂಟಲ್ ಅಡ್ವೆಂಚರ್ಸ್' ಎಂಬ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಗ್ರಂಥದಲ್ಲಿ ಸಮುರಾಯಿಗಳೂ ನಿಂಜಾಗಳೂ ಇದ್ದಾರೆ. ಆದರೆ ಜೆಫ್ ಈಸ್ಲಿಯವರು ಬರೆದ ಅದರ ಮುಖಚಿತ್ರವು ಅವರ ಇತರ ಚಿತ್ರಗಳಂತೆಯೇ ಪಾಶ್ಚಾತ್ಯಕ್ರಮದ್ದು. ಅಲ್ಲಿ ಜಪಾನು ವಸ್ತುವಿನಲ್ಲಿದೆಯೇ ಹೊರತು ವರ್ತನಾಕ್ರಮದಲ್ಲಿಲ್ಲ.

೫. ಮೂಲದ ವಿಚಾರ

ಈಗ ಚರಿತ್ರೆಯನ್ನು ಆದಿಯಿಂದ ನೋಡಬೇಕು. ೧೯೭೪ರ ಮೊದಲ ಗ್ರಂಥಗಳಲ್ಲಿದ್ದುವು ಹವ್ಯಾಸಿಗಳು ಬರೆದ ಸಣ್ಣ ರೇಖಾಚಿತ್ರಗಳು. ಅವುಗಳಲ್ಲಿ ಕೆಲವು ಅಮೆರಿಕೆಯ ಮಾರ್ವೆಲ್ ಚಿತ್ರಕಥೆಗಳ ಭಂಗಿಗಳನ್ನು ನೋಡಿ ಎತ್ತಿಕೊಂಡವು. ೧೯೭೯ರಲ್ಲಿ ಗೈಗಾಕ್ಸ್ ಅವರು ಸೂತ್ರಧಾರನ ಕೈಪಿಡಿಯ ಕೊನೆಯಲ್ಲಿ ತಮಗೆ ಸ್ಫೂರ್ತಿಯನ್ನಿತ್ತ ಗ್ರಂಥಕರ್ತರ ಪಟ್ಟಿಯೊಂದನ್ನು ಕೊಟ್ಟರು. ರಾಬರ್ಟ್ ಹೊವರ್ಡ್, ಫ್ರಿಟ್ಸ್ ಲೈಬರ್, ಜ್ಯಾಕ್ ವಾನ್ಸ್ ಮೊದಲಾದ ಇಂಗ್ಲಿಷ್ ಲೇಖಕರೇ ಅದರಲ್ಲಿದ್ದಾರೆ. ಮುಂದಿನ ತೈಲವರ್ಣದ ಚಿತ್ರಕಾರರಿಗೆ ದಾರಿಯನ್ನು ತೋರಿದುದು ೧೯೬೬ರಿಂದ ಹೊವರ್ಡ್‌ನ ಕೋನನ್ ಕಥೆಗಳಿಗೆ ಮುಖಚಿತ್ರಗಳನ್ನು ಬರೆದ ಫ್ರ್ಯಾಂಕ್ ಫ್ರಜೆಟ್ಟಾರ ಕುಂಚ. ಹೀಗೆ ಮೊದಲ ಎರಡು ದಶಕಗಳಲ್ಲಿ ಈ ಆಟದ ಪ್ರಧಾನಮಾರ್ಗದಲ್ಲಿ ಅನಿಮೆಯ ಸುಳಿವು ಕಾಣುವುದಿಲ್ಲ.

ಆದರೆ ಇದೇ ಕಾಲದಲ್ಲಿ ವಿರುದ್ಧದಿಕ್ಕಿನಲ್ಲಿ ಒಂದು ಪ್ರವಾಹವು ಹರಿಯುತ್ತಿತ್ತೆಂಬುದನ್ನು ಪೂರ್ವಪಕ್ಷಿಗಳು ಮರೆಯುತ್ತಾರೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮಾದರಿಯಲ್ಲಿ ಅಮೆರಿಕೆಯಲ್ಲಿ ೧೯೮೧ರಲ್ಲಿ ಹುಟ್ಟಿದ 'ವಿಜರ್ಡ್ರಿ', 'ಅಲ್ಟಿಮಾ' ಎಂಬ ಎರಡು ಗಣಕಯಂತ್ರದ ಆಟಗಳು ಜಪಾನಿನವರ ಮನಸ್ಸನ್ನು ಸೆಳೆದುವು. ಅವುಗಳನ್ನು ಆಡಿ ಮೆಚ್ಚಿದ ಯೂಜಿ ಹೊರಿಯಿ ಎಂಬವರು ೧೯೮೬ರಲ್ಲಿ 'ಡ್ರ್ಯಾಗನ್ ಕ್ವೆಸ್ಟ್' ಎಂಬ ಆಟವನ್ನು ರಚಿಸಿದರು. ಅದಕ್ಕೆ ಚಿತ್ರಗಳನ್ನು ಬರೆದವರು ಅಕಿರಾ ತೊರಿಯಾಮಾ. ಸ್ಲೈಮ್ ಎಂಬ ಲೋಳೆಯ ಭೂತವು ಪಾಶ್ಚಾತ್ಯ ಆಟಗಳಲ್ಲಿ ನೆಲದ ಮೇಲೆ ಹರಡಿದ ಅಸಹ್ಯವಾದ ಪಸೆಯಾಗಿತ್ತು. ತೊರಿಯಾಮಾ ಅದಕ್ಕೆ ನೀರಹನಿಯ ಆಕಾರವನ್ನೂ ಮುಗುಳುನಗೆಯನ್ನೂ ಕೊಟ್ಟರು. ಬೀಭತ್ಸಕ್ಕೆ ವಿಷಯವಾಗಿದ್ದುದು ಹಾಸ್ಯಕ್ಕೆ ವಿಷಯವಾಯಿತು. ಒಂದು ರೇಖೆಯ ತಿರುವಿನಿಂದ ರಸವೇ ಬದಲಾದುದಕ್ಕೆ ಇದಕ್ಕಿಂತ ಚೆನ್ನಾದ ನಿದರ್ಶನವು ದುರ್ಲಭ. ಮರುವರ್ಷ, ೧೯೮೭ರಲ್ಲಿ, ಬಂದ ಮೊದಲ 'ಫೈನಲ್ ಫ್ಯಾಂಟಸಿ'ಗೆ ಯೋಶಿಟಾಕಾ ಅಮಾನೊ ಅವರು ಚಿತ್ರಗಳನ್ನು ಬರೆದರು.

೧೯೮೫ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಜಪಾನೀ ಭಾಷೆಯಲ್ಲಿ ಪ್ರಕಟವಾಯಿತು. ೧೯೮೬ರಲ್ಲಿ ಗ್ರೂಪ್ ಎಸ್‌ಎನ್‌ಇ ಎಂಬ ಬಳಗದವರು ತಾವು ಆ ಆಟವನ್ನು ಆಡಿದ ವೃತ್ತಾಂತವನ್ನೇ ಸಂಭಾಷಣೆಯ ರೂಪದಲ್ಲಿ 'ಕಂಪ್‌ಟಿಕ್' ಎಂಬ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಅಚ್ಚುಮಾಡಿಸಿದರು. 'ಲೋಡಾಸ್ ದ್ವೀಪದ ಯುದ್ಧದ ವೃತ್ತಾಂತ'ವೆಂಬ ಅದು ರ‍್ಯೋ ಮಿಜುನೊ ಅವರ ಲೇಖನಿಯಿಂದ ೧೯೮೮ರಲ್ಲಿ ಕಾದಂಬರಿಯಾಯಿತು. ೧೯೯೦-೯೧ರಲ್ಲಿ ಹದಿಮೂರು ಭಾಗಗಳ ಅನಿಮೆಯಾಯಿತು. ಅದರ ನಾಯಿಕೆಯಾದ ಡೀಡ್‌ಲಿಟ್ ಎಂಬ ಎಲ್ಫ್ ಕನ್ಯೆಗೆ ಯುಟಾಕಾ ಇಜುಬುಚಿ ಬರೆದ ಉದ್ದವಾದ, ಪಕ್ಕಕ್ಕೆ ಚಾಚಿದ ಕಿವಿಗಳು ಜಪಾನಿನ ಎಲ್ಫ್ ಜಾತಿಯ ಲಕ್ಷಣವಾಗಿಯೇ ನಿಂತುವು. ಅನಿಮೆಯು ಪಾತ್ರಧಾರಣೆಯ ಆಟಕ್ಕೆ ಏನನ್ನು ಕೊಟ್ಟಿತೆಂದು ಕೇಳುವ ಮೊದಲು, ಪಾತ್ರಧಾರಣೆಯ ಆಟದಿಂದಲೇ ಒಂದು ಅನಿಮೆಯು ಹುಟ್ಟಿತೆಂಬ ಸಂಗತಿಯನ್ನು ನೆನೆಯಬೇಕು.

ಅನಿಮೆಯ ಪ್ರಸಿದ್ಧ ಲಕ್ಷಣವಾದ ದೊಡ್ಡ ಕಣ್ಣುಗಳ ಕಥೆಯೂ ಇಂತಹುದೇ. ಜಪಾನಿನ ಚಿತ್ರಕಥೆಗೆ ಆಧುನಿಕ ರೂಪವನ್ನು ಕೊಟ್ಟ ಒಸಾಮು ತೆಜುಕಾ ಅವರು ಅಮೆರಿಕೆಯ ಡಿಸ್ನಿ ಮತ್ತು ಫ್ಲೈಷರ್ ಸಂಸ್ಥೆಗಳ ಚಿತ್ರಗಳನ್ನು ಬಾಲ್ಯದಿಂದ ಮೆಚ್ಚಿ ನೋಡಿ, ಆ ಕಣ್ಣುಗಳನ್ನು ತಮ್ಮ ಕಥೆಗಳಿಗೆ ತಂದುಕೊಂಡರು. ೧೯೬೩ರಲ್ಲಿ ಅವರ 'ಆಸ್ಟ್ರೋ ಬಾಯ್' ವಾರಕ್ಕೊಮ್ಮೆ ದೂರದರ್ಶನದಲ್ಲಿ ಬರತೊಡಗಿದಾಗ, ಅಲ್ಪವ್ಯಯದಲ್ಲಿ ಅಲ್ಪಕಾಲದಲ್ಲಿ ಚಿತ್ರಗಳನ್ನು ಸಿದ್ಧಪಡಿಸಬೇಕಾಗಿದ್ದುದರಿಂದ ದೇಹವನ್ನು ನಿಶ್ಚಲವಾಗಿಟ್ಟು ಬಾಯಿ ಕಣ್ಣುಗಳನ್ನು ಮಾತ್ರ ಚಲಿಸುವಂತೆ ಮಾಡುವ ಕ್ರಮವು ಬಳಕೆಗೆ ಬಂದಿತು. ಅಂಗಗಳು ಸುಮ್ಮನಿರುವಲ್ಲಿ ಭಾವವನ್ನೆಲ್ಲ ಕಣ್ಣೇ ಹೊರಬೇಕಾಯಿತು. ಕಣ್ಣಿನ ಆಕಾರವು ನಿಸರ್ಗದ ಪ್ರತಿಬಿಂಬವಾಗಿರದೆ ಭಾವಕ್ಕೆ ತಕ್ಕ ಸಂಕೇತವಾಗಬಹುದೆಂಬುದು ನಮ್ಮ ಶಾಸ್ತ್ರಕಾರರಿಗೂ ತಿಳಿದಿದ್ದ ವಿಷಯ. ವಿಷ್ಣುಧರ್ಮೋತ್ತರದ ಚಿತ್ರಸೂತ್ರದಲ್ಲಿ ಬಿಲ್ಲಿನಂತಹುದು, ಮೀನಿನ ಹೊಟ್ಟೆಯಂತಹುದು, ನೈದಿಲೆಯ ಎಸಳಿನಂತಹುದು, ತಾವರೆಯ ಎಸಳಿನಂತಹುದು ಮೊದಲಾಗಿ ಕಣ್ಣುಗಳಿಗೆ ಐದು ಆಕಾರಗಳನ್ನು ಹೇಳಿ, ಅವುಗಳನ್ನು ಆಯಾ ಅವಸ್ಥೆಗಳಿಗೆ ಹೊಂದಿಸಿದೆ. ಆದುದರಿಂದ ದೊಡ್ಡ ಕಣ್ಣನ್ನು ಕಂಡೊಡನೆ ಜಪಾನೆಂದು ಹೇಳುವುದು ಸಾಹಸ. ಅದು ಯಾವ ಪ್ರಯೋಜನಕ್ಕಾಗಿ ಎಲ್ಲಿಂದ ಬಂದಿತೆಂಬುದನ್ನು ನೋಡಬೇಕು.

೬. ಅಂಗೀಕೃತವಾದ ಋಣ

ಇನ್ನು ಜಪಾನಿನಿಂದ ಪಶ್ಚಿಮಕ್ಕೆ ಬಂದುದರ ವಿಚಾರ. ಇಲ್ಲಿ ಅಂಗೀಕಾರವೆಂಬ ನಾಲ್ಕನೆಯ ಪ್ರಮಾಣವೇ ದೊರೆಯುವ ಸ್ಥಳಗಳಿವೆ. ಅವುಗಳಲ್ಲಿ ಅತ್ಯಂತ ಹಳೆಯದೊಂದನ್ನು ಈ ವಿವಾದದಲ್ಲಿ ಬಹುಮಂದಿ ಗಮನಿಸುವುದಿಲ್ಲ. ೧೯೭೮ರಲ್ಲಿ ಅಮೆರಿಕೆಯ ವೆಂಡಿ ಪಿನಿ ಮತ್ತು ರಿಚರ್ಡ್ ಪಿನಿ ದಂಪತಿಗಳು 'ಎಲ್ಫ್‌ಕ್ವೆಸ್ಟ್' ಎಂಬ ಚಿತ್ರಕಥೆಯನ್ನು ಪ್ರಾರಂಭಿಸಿದರು. ಅದರ ಎಲ್ಫ್‌ಗಳು ವಿಶಾಲನೇತ್ರರು, ಕೃಶಾಂಗರು. ಚಿತ್ರಗಳನ್ನು ಬರೆದ ವೆಂಡಿ ಪಿನಿ ಅವರು ತೆಜುಕಾರಿಗೆ ತಾವು ಋಣಿಗಳೆಂದು ಮುಕ್ತವಾಗಿ ಹೇಳಿಕೊಂಡಿರುವರು. ಈ ಕಥೆಯನ್ನಾಧರಿಸಿ ೧೯೮೪ರಲ್ಲಿ ಕೇಯಾಸಿಯಮ್ ಸಂಸ್ಥೆಯವರು ಪಾತ್ರಧಾರಣೆಯ ಆಟವೊಂದನ್ನು ಹೊರಡಿಸಿದರು. ಆದುದರಿಂದ ಅದ್ಭುತರಸದ ಪಾತ್ರಧಾರಣೆಯ ಆಟದಲ್ಲಿ ಜಪಾನೀ ಚಿತ್ರಕಥೆಯ ಶೈಲಿಯು ಮೊದಲು ಕಾಣಿಸಿಕೊಂಡುದು ೨೦೦೦ದಲ್ಲಿ ಅಲ್ಲ. ಅದಕ್ಕೆ ಹದಿನಾರು ವರ್ಷ ಮುಂಚೆ. ಅದು ಬಂದ ದಾರಿಯೂ ದೂರದರ್ಶನವಲ್ಲ, ಅಚ್ಚಾದ ಪುಟ.

ಅದೇ ೧೯೮೪ರಲ್ಲಿ ಮೈಕ್ ಪಾಂಡ್‌ಸ್ಮಿತ್ ಅವರು ಜಪಾನಿನ ಯಂತ್ರಕಾಯರ ಕಥೆಗಳನ್ನು ಮಾದರಿಯಾಗಿಟ್ಟುಕೊಂಡು 'ಮೆಕ್‌ಟನ್' ಎಂಬ ಆಟವನ್ನು ಪ್ರಕಟಿಸಿದರು. ೧೯೯೭ರಲ್ಲಿ ಕೆನಡಾದಿಂದ ಬಂದ 'ಬಿಗ್ ಐಸ್, ಸ್ಮಾಲ್ ಮೌತ್' ಎಂಬ ಆಟದ ಹೆಸರಿಗೆ ದೊಡ್ಡ ಕಣ್ಣು, ಸಣ್ಣ ಬಾಯಿ ಎಂದೇ ಅರ್ಥ. ಇಲ್ಲಿ ಅಂಗೀಕಾರವು ಶೀರ್ಷಿಕೆಯಲ್ಲಿಯೇ ಇದೆ. ೨೦೦೧ರಲ್ಲಿ ವೈಟ್ ವುಲ್ಫ್ ಸಂಸ್ಥೆಯ 'ಎಕ್ಸಾಲ್ಟೆಡ್' ಎಂಬ ಆಟವು ಪುರಾತನ ವೀರಕಾವ್ಯಗಳೊಡನೆ ಅನಿಮೆಯನ್ನೂ ತನ್ನ ಸ್ಫೂರ್ತಿಮೂಲವಾಗಿ ಒಪ್ಪಿಕೊಂಡಿತು. ಇತ್ತೀಚೆಗೆ ಇಟಲಿಯಲ್ಲಿ ಹುಟ್ಟಿದ 'ಫ್ಯಾಬುಲಾ ಅಲ್ಟಿಮಾ' ಎಂಬ ಆಟವು ಜಪಾನಿನ ಗಣಕಯಂತ್ರದ ಆಟಗಳನ್ನೇ ಆದರ್ಶವಾಗಿ ಹೇಳಿಕೊಂಡಿದೆ. ಇವುಗಳ ವಿಷಯದಲ್ಲಿ ವಿವಾದಕ್ಕೆ ಆಸ್ಪದವೇ ಇಲ್ಲ. 'ಸಂಬಂಧವೇ ಇಲ್ಲ'ವೆಂಬ ಎರಡನೆಯ ಪಕ್ಷವು ಇಷ್ಟರಿಂದಲೇ ಬಿದ್ದುಹೋಗುತ್ತದೆ.

ಋಣವನ್ನು ಮರೆಮಾಡಿದ ಕಾಲವೂ ಒಂದಿತ್ತು. ೧೯೮೯ರಲ್ಲಿ ಡ್ರ್ಯಾಗನ್ ಕ್ವೆಸ್ಟ್ 'ಡ್ರ್ಯಾಗನ್ ವಾರಿಯರ್' ಎಂಬ ಹೆಸರಿನಿಂದ ಅಮೆರಿಕೆಗೆ ಬಂದಾಗ, ಅದರ ಪೆಟ್ಟಿಗೆಯ ಮೇಲಿದ್ದ ತೊರಿಯಾಮಾರ ಚಿತ್ರವನ್ನು ತೆಗೆದು ಪಾಶ್ಚಾತ್ಯರೀತಿಯ ಚಿತ್ರವನ್ನು ಹಾಕಿದರು. ಪೆಟ್ಟಿಗೆಯ ಹೊರಗೆ ಒಂದು ಶೈಲಿ, ಆಟದ ಒಳಗೆ ಇನ್ನೊಂದು ಶೈಲಿ! ಆ ವರ್ಷ ಕೊಳ್ಳುವವರಿಂದ ಮುಚ್ಚಿಡಬೇಕಾಗಿದ್ದ ಶೈಲಿಯು ೧೯೯೭ರಲ್ಲಿ ಒಂದು ಆಟದ ಹೆಸರೇ ಆಯಿತು. ಎಂಟು ವರ್ಷಗಳಲ್ಲಿ ನಡೆದ ಈ ರುಚಿಪರಿವರ್ತನೆಯು ಅನಿಮೆಯು ಅಲ್ಲಿ ನೆಲೆಯೂರಿದುದಕ್ಕೆ ಒಳ್ಳೆಯ ಗಮಕವಾಗಿದೆ.

೭. ಪ್ರಧಾನಮಾರ್ಗದ ಪರೀಕ್ಷೆ

ಉಳಿದುದು ಪ್ರಧಾನಮಾರ್ಗದ ವಿಚಾರ. ಅಂದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮತ್ತು ಅದರ ಶಾಖೆಯಾಗಿ ೨೦೦೯ರಲ್ಲಿ ಸ್ವತಂತ್ರ ಆಟವಾಗಿ ಹೊರಟ 'ಪಾತ್‌ಫೈಂಡರ್'. ಪೂರ್ವಪಕ್ಷಿಗಳು ಹೇಳಿದ ಒಂದೊಂದು ಲಕ್ಷಣವನ್ನೂ ಅನ್ಯಥಾಸಿದ್ಧಿಯ ನಿಕಷಕ್ಕೆ ಹಚ್ಚಬೇಕು.

ತೊಗಲಿನ ಪಟ್ಟಿಗಳೂ ಕೊಂಡಿಗಳೂ ಮೊದಲನೆಯವು. ಇವು ೧೯೯೧ರಲ್ಲಿಯೇ 'ಡಾರ್ಕ್ ಸನ್' ಎಂಬ ಮರುಭೂಮಿಯ ಲೋಕವನ್ನು ಚಿತ್ರಿಸಿದ ಬ್ರಾಮ್ ಅವರ ಫಲಕಗಳಲ್ಲಿ ಧಾರಾಳವಾಗಿ ಕಾಣುತ್ತವೆ. ಬ್ರಾಮ್ ಅವರ ವರ್ತನಾಕ್ರಮವೋ ಫ್ರಜೆಟ್ಟಾರ ಪರಂಪರೆಯದು. ಆದುದರಿಂದ ಈ ಲಕ್ಷಣಕ್ಕೆ ಮನೆಯಲ್ಲಿಯೇ ಮೂಲವಿರುವಾಗ ಪರದೇಶಕ್ಕೆ ಹೋಗಬೇಕಾಗಿಲ್ಲ.

ಎರಡನೆಯದು ಕೃಶವಾದ ದೇಹಗಳೂ ವಿಲಕ್ಷಣ ಮುಖಗಳೂ. ೧೯೯೪ರ 'ಪ್ಲೇನ್‌ಸ್ಕೇಪ್' ಗ್ರಂಥಗಳಲ್ಲಿ ಟೋನಿ ಡಿಟರ್ಲಿಜಿ ಬರೆದ ಚಿತ್ರಗಳಲ್ಲಿ ಇವು ಇವೆ. ಆದರೆ ಅವರು ಅನುಸರಿಸಿದುದು ಆರ್ಥರ್ ರ‍್ಯಾಕ್‌ಹ್ಯಾಮ್ ಎಂಬ ಆಂಗ್ಲ ಚಿತ್ರಕಾರರನ್ನು. ಇಲ್ಲಿ ವಿಚಾರವು ಇನ್ನೂ ಸೂಕ್ಷ್ಮವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜಪಾನಿನ ಮರದಚ್ಚಿನ ಚಿತ್ರಗಳು ಯೂರೋಪಿಗೆ ಬಂದು ಅಲ್ಲಿಯ ರೇಖಾವಿನ್ಯಾಸವನ್ನು ಮಾರ್ಪಡಿಸಿದುದು ಪ್ರಸಿದ್ಧವಾಗಿದೆ. ರ‍್ಯಾಕ್‌ಹ್ಯಾಮ್ ಅವರ ಕಾಲದ ಗ್ರಂಥಚಿತ್ರಗಳೂ ಆ ವಾತಾವರಣದಲ್ಲಿಯೇ ಬೆಳೆದವು. ಇತ್ತ ಅಮಾನೊ ಅವರೋ ಆ ಮರದಚ್ಚಿನ ಚಿತ್ರಗಳಿಂದಲೂ, ಅವುಗಳಿಂದ ಪುಷ್ಟಿಹೊಂದಿದ ಯೂರೋಪಿನ ಆರ್ಟ್ ನೂವೋ ಕಲೆಯಿಂದಲೂ, ಅಮೆರಿಕೆಯ ಚಿತ್ರಕಥೆಗಳಿಂದಲೂ ತಮ್ಮ ಶೈಲಿಯನ್ನು ರೂಪಿಸಿಕೊಂಡವರು. ಒಂದೇ ಅಜ್ಜನ ಮೊಮ್ಮಕ್ಕಳಲ್ಲಿ ಹೋಲಿಕೆಯಿದ್ದರೆ ಒಬ್ಬನು ಇನ್ನೊಬ್ಬನಿಂದ ಮುಖವನ್ನು ಸಾಲವಾಗಿ ಪಡೆದನೆಂದು ಯಾರೂ ಹೇಳುವುದಿಲ್ಲ.

ಮೂರನೆಯದು ಮಿತಿಮೀರಿದ ಆಯುಧಗಳು. ಇವುಗಳಿಗೆ ಅನಿಮೆಯಲ್ಲದೆ ಇನ್ನೊಂದು ಆಕರವುಂಟು. ೧೯೮೩ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ 'ವಾರ್‌ಹ್ಯಾಮರ್' ಎಂಬ ಯುದ್ಧದ ಆಟದಲ್ಲಿ ಬೆರಳುದ್ದದ ಲೋಹದ ಬೊಂಬೆಗಳನ್ನು ಬಳಸುತ್ತಿದ್ದರು. ಅಷ್ಟು ಸಣ್ಣ ಬೊಂಬೆಯಲ್ಲಿ ನಿಜವಾದ ಅಳತೆಯ ಕತ್ತಿಯು ತಂತಿಯಷ್ಟು ತೆಳ್ಳಗಾಗಿ ಮುರಿಯುವುದು, ಕಣ್ಣಿಗೂ ಕಾಣದು. ಆದುದರಿಂದ ತಲೆ, ಕೈ, ಆಯುಧಗಳನ್ನು ಹಿಗ್ಗಿಸಿ ಮಾಡುವುದು ಅಲ್ಲಿಯ ಪದ್ಧತಿ. ಜಪಾನಿನ ಗಣಕಯಂತ್ರದ ಆಟಗಳಲ್ಲಿಯೂ ಇಂತಹುದೇ ಒತ್ತಡವಿತ್ತು. ಮೊದಲ ಡ್ರ್ಯಾಗನ್ ಕ್ವೆಸ್ಟ್‌ನಲ್ಲಿ ನಡೆದಾಡುವ ಒಂದು ಆಕೃತಿಗೆ ದೊರೆತುದು ಹದಿನಾರು ಚುಕ್ಕೆಗಳ ಅಗಲ, ಹದಿನಾರು ಚುಕ್ಕೆಗಳ ಎತ್ತರ ಮಾತ್ರ; ಅದರಲ್ಲಿ ತಲೆಯನ್ನು ದೊಡ್ಡದು ಮಾಡದೆ ಮುಖವನ್ನು ತೋರಿಸುವಂತಿರಲಿಲ್ಲ. ಎರಡು ದೇಶಗಳಲ್ಲಿ, ಎರಡು ಬೇರೆ ಸಾಮಗ್ರಿಗಳಲ್ಲಿ, ಒಂದೇ ಇಕ್ಕಟ್ಟು ಒಂದೇ ಪರಿಹಾರವನ್ನು ಹುಟ್ಟಿಸಿತು. ಆದರೂ ಈ ಲಕ್ಷಣದಲ್ಲಿ ಅನಿಮೆಯ ಪಾಲನ್ನು ಪೂರ್ಣವಾಗಿ ಅಲ್ಲಗಳೆಯಲಾಗದು. ಪಾತ್‌ಫೈಂಡರ್‌ನಲ್ಲಿ ವೇಯ್ನ್ ರೆನಾಲ್ಡ್ಸ್ ರೂಪಿಸಿದ ಅಮಿರಿ ಎಂಬ ಯೋಧೆಯ ಕೈಯಲ್ಲಿ ಅವಳಿಗೆ ಮೀರಿದ ಕತ್ತಿಯಿದೆ. ಅದು ಹಿಮದೈತ್ಯನೊಬ್ಬನದೆಂದೂ, ರೋಷಾವೇಶ ಬಂದಾಗ ಮಾತ್ರ ಅವಳು ಅದನ್ನು ಸರಿಯಾಗಿ ಬೀಸಬಲ್ಲಳೆಂದೂ ಕಥೆಯನ್ನು ಕಟ್ಟಿದ್ದಾರೆ. ಏಳನೆಯ ಫೈನಲ್ ಫ್ಯಾಂಟಸಿಯ ನಾಯಕನ ಕತ್ತಿಗೆ ತೂಕದ ಸಮರ್ಥನೆ ಬೇಕಾಗಿರಲಿಲ್ಲ. ಅಲ್ಲಿಯ ಸಂಪ್ರದಾಯವೇ ಅದನ್ನು ಒಪ್ಪಿಸುತ್ತದೆ. ಇಲ್ಲಿ ಕಾರಣವನ್ನು ಹೇಳಬೇಕಾಯಿತು. ಆಕೃತಿಯು ಎಲ್ಲಿಂದಲೇ ಬಂದಿರಲಿ, ಅದನ್ನು ಮನೆಯ ನ್ಯಾಯಕ್ಕೆ ಒಗ್ಗಿಸಿಕೊಂಡೇ ಒಳಕ್ಕೆ ಕರೆದುಕೊಂಡರು.

ನಾಲ್ಕನೆಯದಾದ ನೆಗೆಯುವ ಭಂಗಿಗಳಿಗೆ ಅಮೆರಿಕೆಯ ಚಿತ್ರಕಥೆಗಳು ಹಳೆಯ ಆಕರ. ೧೯೭೪ರ ಚಿತ್ರಗಳೇ ಅಲ್ಲಿಂದ ಭಂಗಿಗಳನ್ನು ಪಡೆದುದನ್ನು ಮೇಲೆ ಹೇಳಿದೆ. ಅನಿಮೆಯನ್ನು ಕಂಡು ಬೆಳೆದ ಪೀಳಿಗೆಯು ಆ ಚಾಂಚಲ್ಯವನ್ನು ಹೆಚ್ಚಾಗಿ ಬಯಸಿತೆಂದು ಹೇಳಬಹುದಾದರೂ, ಅನಿಮೆಯೊಂದೇ ಅದನ್ನು ತಂದಿತೆಂದು ಹೇಳಲಾಗದು.

ಕೊನೆಯದಾಗಿ ವರ್ತನಾಕ್ರಮ. ನಿರ್ಣಾಯಕವಾದ ಅಂಶವು ಇದು. ಅನಿಮೆಯ ಒಂದು ಆಕೃತಿಯನ್ನು ಪಾರದರ್ಶಕವಾದ ಹಾಳೆಗಳ ಮೇಲೆ ಅನೇಕರು ಸಾವಿರಾರು ಸಲ ಒಂದೇ ರೀತಿಯಲ್ಲಿ ಬರೆಯಬೇಕಾಗಿದ್ದುದರಿಂದ, ಸ್ಪಷ್ಟವಾದ ಹೊರರೇಖೆ, ಸಮವಾಗಿ ಬಳಿದ ಬಣ್ಣ, ಅಂಚು ಕತ್ತರಿಸಿದಂತಹ ಒಂದೇ ನೆರಳು, ಇವು ಅದರ ಅಸಾಧಾರಣ ಲಕ್ಷಣಗಳಾದುವು. ಹಾಳೆಗಳು ಹೋಗಿ ಗಣಕಯಂತ್ರ ಬಂದ ಮೇಲೂ ಈ ಲಕ್ಷಣಗಳು ಉಳಿದಿವೆ. ೨೦೦೦ದ ಆವೃತ್ತಿಗೆ ರೂಪುಕೊಟ್ಟ ಟಾಡ್ ಲಾಕ್‌ವುಡ್ ಮತ್ತು ಸ್ಯಾಮ್ ವುಡ್ ಅವರ ಚಿತ್ರಗಳಲ್ಲಿ ಇವ್ಯಾವುವೂ ಇಲ್ಲ. ಅಲ್ಲಿ ಮೈಯ ಉಬ್ಬುತಗ್ಗುಗಳನ್ನು ಕ್ರಮಕ್ರಮವಾಗಿ ಮಾಸುವ ನೆರಳುಬೆಳಕುಗಳಿಂದ ತೋರಿಸಿದೆ, ಕಣ್ಣುಗಳು ಮನುಷ್ಯಪ್ರಮಾಣದವು. ೨೦೧೪ರ ಐದನೆಯ ಆವೃತ್ತಿಯಲ್ಲಿಯೂ ತೈಲವರ್ಣದ ಹಳೆಯ ಸಂಪ್ರದಾಯವೇ ಹೊಸ ಉಪಕರಣಗಳಿಂದ ಮುಂದುವರಿದಿದೆ. ಅನಿಮೆಗೇ ವಿಶಿಷ್ಟವಾದ ಲಕ್ಷಣಗಳು ಯಾವುವೋ ಅವೇ ಪ್ರಧಾನಮಾರ್ಗದಲ್ಲಿ ಸ್ವೀಕೃತವಾಗಲಿಲ್ಲ. ಸ್ವೀಕೃತವಾದಂತೆ ತೋರುವುವೆಲ್ಲ ಇತರ ಮೂಲಗಳಿಂದಲೂ ಬರಬಹುದಾದವು.

೮. ನಿರ್ಣಯ

ಇಷ್ಟರಿಂದ ಸಿದ್ಧಾಂತವು ಹೀಗೆ ಫಲಿಸುತ್ತದೆ. ಎಲ್ಫ್‌ಕ್ವೆಸ್ಟ್‌ನಿಂದ ಮೊದಲಾಗಿ ಋಣವನ್ನು ತಾವೇ ಒಪ್ಪಿದ ಆಟಗಳಲ್ಲಿ ಪ್ರಭಾವವು ನಿಶ್ಚಿತ. ಪ್ರಧಾನಮಾರ್ಗದಲ್ಲಿ ೧೯೯೦ರ ದಶಕದ ಮಧ್ಯದವರೆಗೆ ಪ್ರಭಾವವು ಕಾಣುವುದಿಲ್ಲ. ಅನಂತರ ಸಂಪರ್ಕವು ನಿಶ್ಚಿತವಾದರೂ ಪ್ರಭಾವವು ಪ್ರಮಾಣವೆಂಬ ಪದರದಲ್ಲಿ, ಅದರಲ್ಲಿಯೂ ಆಯುಧ ಮತ್ತು ಭಂಗಿಗಳಲ್ಲಿ, ಇತರ ಕಾರಣಗಳಿಗೆ ಸಹಕಾರಿಯಾಗಿ ಮಾತ್ರ ಒಪ್ಪತಕ್ಕುದು. ವರ್ತನಾಕ್ರಮದಲ್ಲಿ ಅದು ಅಸಿದ್ಧ. ೨೦೦೦ದ ಮಾರ್ಪಾಟನ್ನು ಅನಿಮೆಯ ಅನುಕರಣವೆಂದು ನಿಂದಿಸುವವರು ಬ್ರಾಮ್, ಡಿಟರ್ಲಿಜಿ, ಲಾಕ್‌ವುಡ್ ಮೊದಲಾದವರ ಸ್ವಂತ ದುಡಿಮೆಯನ್ನು ಅವರಿಂದ ಕಿತ್ತುಕೊಂಡಂತಾಯಿತು. ಸಂಬಂಧವೇ ಇಲ್ಲವೆನ್ನುವವರು ತೆಜುಕಾ, ತೊರಿಯಾಮಾ, ಅಮಾನೊ, ಇಜುಬುಚಿ ಇವರಿಗೆ ಸಲ್ಲಬೇಕಾದುದನ್ನು ಸಲ್ಲಿಸದಂತಾಯಿತು.

ಇದರ ಮೇಲೆ ಸಾಹಿತ್ಯಾಧ್ಯಾಪಕರು ಗಮನಿಸಬೇಕಾದ ಶಬ್ದವಿಚಾರವೊಂದುಂಟು. 'ಅನಿಮೆಯು ಆಟಗಳ ಮೇಲೆ ಪ್ರಭಾವವನ್ನು ಬೀರಿತು' ಎಂಬ ವಾಕ್ಯದಲ್ಲಿ ಅನಿಮೆಯು ಕರ್ತೃ. ಆಟಗಳನ್ನು ರಚಿಸಿದವರು ಸುಮ್ಮನೆ ಕುಳಿತು ಬೀರಿದುದನ್ನು ಹೊತ್ತವರು. ಪಾಣಿನಿಯ ಮತದಲ್ಲಿ ಕ್ರಿಯೆಯಲ್ಲಿ ಸ್ವತಂತ್ರನಾದವನೇ ಕರ್ತೃ. ಇಲ್ಲಿ ಸ್ವತಂತ್ರರು ಯಾರು? ನೂರು ಚಿತ್ರಗಳನ್ನು ಕಂಡು ಒಂದನ್ನು ಆರಿಸಿ, ಅದರಲ್ಲಿಯೂ ಕಣ್ಣನ್ನು ಬಿಟ್ಟು ಕತ್ತಿಯನ್ನು ಮಾತ್ರ ತೆಗೆದುಕೊಂಡವರಲ್ಲವೇ! ಬ್ರಿಟನ್ನಿನ ಕಲಾಚರಿತ್ರಕಾರರಾದ ಮೈಕೆಲ್ ಬ್ಯಾಕ್ಸಂಡಾಲ್ ಅವರು ೧೯೮೫ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಪ್ರಭಾವವೆಂಬ ಮಾತು ಕರ್ತೃವನ್ನು ತಲೆಕೆಳಗುಮಾಡುತ್ತದೆಯೆಂದು ಆಕ್ಷೇಪಿಸಿರುವುದೂ ಈ ಅರ್ಥದಲ್ಲಿಯೇ. ವೆಂಡಿ ಪಿನಿ ತೆಜುಕಾರನ್ನು ಆರಿಸಿಕೊಂಡರು. ತೆಜುಕಾ ಡಿಸ್ನಿಯನ್ನು ಆರಿಸಿಕೊಂಡರು. ತೊರಿಯಾಮಾ ಲೋಳೆಯ ಭೂತವನ್ನು ತೆಗೆದುಕೊಂಡು ಅದಕ್ಕೆ ನಗೆಯನ್ನು ಕಲಿಸಿದರು. ಆರಿಸಿಕೊಂಡವನನ್ನು ಕರ್ತೃಸ್ಥಾನದಲ್ಲಿಟ್ಟು ವಾಕ್ಯವನ್ನು ರಚಿಸಿದರೆ, ಅವನು ಏನನ್ನು, ಎಲ್ಲಿಂದ, ಯಾವ ಪ್ರಯೋಜನಕ್ಕಾಗಿ ತೆಗೆದುಕೊಂಡನೆಂದು ಹೇಳಲೇಬೇಕಾಗುತ್ತದೆ. ಪ್ರಮಾಣವಿಲ್ಲದ ಮಾತು ಆಗ ತಾನಾಗಿಯೇ ನಿಂತುಹೋಗುತ್ತದೆ.

ಕೊಡುಕೊಳ್ಳುವಿಕೆಯು ಇನ್ನೂ ನಿಂತಿಲ್ಲ. ರ‍್ಯೋಕೋ ಕುಯಿ ಎಂಬ ಲೇಖಕಿಯು ೨೦೧೪ರಿಂದ ೨೦೨೩ರವರೆಗೆ ಬರೆದ 'ಡಂಜನ್ ಮೆಶಿ' ಎಂಬ ಮಾಂಗಾವು ನೆಲಮಾಳಿಗೆಗೆ ಇಳಿದ ಸಾಹಸಿಗಳು ಅಲ್ಲಿಯ ಭೂತಗಳನ್ನೇ ಅಡಿಗೆಮಾಡಿ ಉಣ್ಣುವ ಕಥೆ. ಅದರ ಲೋಕವು ವಿಜರ್ಡ್ರಿ ಮುಂತಾದ ಆಟಗಳಿಂದ ಬೆಳೆದುದು. ೨೦೨೪ರಲ್ಲಿ ಅದು ಅನಿಮೆಯಾಗಿ ಅಮೆರಿಕೆಯ ಆಟಗಾರರ ಮನೆಗಳಿಗೆ ಬಂದಿತು. ತೊರಿಯಾಮಾ ಅವರು ಅದೇ ವರ್ಷದ ಮಾರ್ಚಿಯಲ್ಲಿ ತೀರಿಕೊಂಡರು. ಅವರ ನಗುವ ನೀರಹನಿಯು ಅಮೆರಿಕೆಯ ಲೋಳೆಯಿಂದ ಹುಟ್ಟಿದುದೆಂಬುದೂ, ಆ ನಗೆ ಮಾತ್ರ ಅವರೊಬ್ಬರದೇ ಎಂಬುದೂ, ಎರಡೂ ಏಕಕಾಲದಲ್ಲಿ ಸತ್ಯ.